ಅವ್ವನ ಘಟದಲ್ಲಿ ವಿಲಾಯತಿ ಹುಲ್ಲು

ನಮ್ಮ ಮನೆಯಲ್ಲಿ ಒಂದು ಕತ್ತರಿ ಇದೆ. ಅದು ಬಟ್ಟೆ ಕತ್ತರಿಸುವುದಿಲ್ಲ. ಕಾಗದ ಕೊಟ್ಟರೆ ಅಗಿದುಬಿಡುತ್ತದೆ. ಮೊನ್ನೆ ಅಂಗಿಯ ಗುಂಡಿಗೆ ಜೋತುಬಿದ್ದ ದಾರವೊಂದನ್ನು ತೆಗೆಯೋಣವೆಂದು ಕತ್ತರಿ ಹಾಕಿದೆ. ದಾರ ಅಲ್ಲೇ ಉಳಿದು ಗುಂಡಿ ಕೈಗೆ ಬಂತು. ಸಾಣೆ ಹಿಡಿಯುವವನು ಪುಣೆಯ ನಮ್ಮ ಓಣಿಗೆ ಬಂದಾಗ ತೋರಿಸಿದೆ. ಅವನು ಅಲಗನ್ನು ಹೆಬ್ಬೆರಳಿನಿಂದ ಸವರಿ, ಮೂಗಿನ ಹತ್ತಿರ ಹಿಡಿದು, ಇದರಿಂದ ಏನು ಕತ್ತರಿಸುತ್ತಿದ್ದಿರಿ ಅಂತ ಮರಾಠಿಯಲ್ಲಿ ಕೇಳಿದ. ಹುಲ್ಲು ಅಂದೆ. ಅವನು ಕತ್ತರಿಯನ್ನು ನನ್ನ ಕೈಗೆ ಕೊಟ್ಟು ಮುಂದಿನ ಮನೆಗೆ ಹೋದ.

ಅವನದೇನೂ ತಪ್ಪಿಲ್ಲ. ನಮ್ಮ ದೇಶದ ಜನಕ್ಕೆ ಹುಲ್ಲನ್ನು ಕತ್ತರಿಯಿಂದ ಕತ್ತರಿಸುತ್ತಾರೆ ಅಂತ ಹೇಳಿದರೆ ಹೀಗೇ ಆಗುತ್ತದೆ. ಧಾರವಾಡದ ಹತ್ತಿರದ ನಮ್ಮ ಊರಿನಲ್ಲಿ ಹುಲ್ಲು ಅಂದರೆ ತಲೆಯ ಮೇಲೆ ಹೊರುವುದು, ಬಣವೆ ಒಟ್ಟುವುದು, ಎಮ್ಮೆಯ ಮುಂದೆ ಹಾಕುವುದು. ಅದನ್ನು ನೋಡುತ್ತ ಯಾರೂ ನಿಲ್ಲುತ್ತಿರಲಿಲ್ಲ. ಎಮ್ಮೆಯೂ ನಿಲ್ಲುತ್ತಿರಲಿಲ್ಲ. ಗಣಪತಿ ಹಬ್ಬದಲ್ಲಿ ಮಾತ್ರ ಕರಿಕೆಗೆ ಒಂದು ದಿನದ ಮರ್ಯಾದೆ. ಕರಿಕೆ ತರುವ ಕೆಲಸ ನನ್ನದಾಗಿತ್ತು. ಒಂದು ವರ್ಷ ನಾನು ತಂದ ಕಟ್ಟಿನಿಂದ ಅಜ್ಜ ಒಂದು ಎಸಳು ಎತ್ತಿ, ಬೆಳಕಿಗೆ ಹಿಡಿದು, "ಇದು ಕರಿಕಿ ಅಲ್ಲೋ ತಮ್ಮಾ. ಗಣಪ್ಪಗ ಹೊಟ್ಟಿ ಕಡೀತದ," ಅಂದಿದ್ದರು. ಹುಲ್ಲಿನ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಅಲ್ಲಿಂದ ಶುರುವಾಯಿತು ಅಂತ ಹೇಳಬಹುದು. ಮುಂದುವರಿದದ್ದು ಪುಣೆಯಲ್ಲಿ.

ಅಣ್ಣನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು. ಅವನ ಹಿಂದೆ ನನಗೂ ಒಂದು ಗುಮಾಸ್ತಿಕೆ ಸಿಕ್ಕಿತು. ಅಪ್ಪ ಊರಿನಲ್ಲಿ ಹೊಲ ನೋಡಿಕೊಂಡು ಉಳಿದರು. ನಮ್ಮಿಬ್ಬರಿಗೆ ಬೇಯಿಸಿ ಹಾಕಲು ಅವ್ವ ಬಂದಳು. ಪೇಟೆಯ ಒಂದು ಹಳೇ ವಾಡೆಯಲ್ಲಿ, ಹಿಂಭಾಗದ ಮೂರು ಖೋಲಿಗಳಲ್ಲಿ ನಮ್ಮ ಬಿಡಾರ. ನನ್ನ ಕಚೇರಿ ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ಕಡೆಗೆ. ದಿನಾ ಸೈಕಲ್ಲಿನ ಮೇಲೆ ಸಾಹೇಬರ ಬಂಗಲೆಗಳ ಮುಂದಿನಿಂದ ಹೋಗುತ್ತಿದ್ದೆ. ಪುಣೆಯ ಚಳಿಗಾಲ ನಿಮಗೆ ಗೊತ್ತು. ಸಂಕ್ರಾಂತಿಯ ಹೊತ್ತಿಗೆ ಬೆಟ್ಟ, ಬಯಲು, ರಸ್ತೆಯ ಅಂಚು, ಎಲ್ಲ ಹುರಿದ ರವೆಯ ಬಣ್ಣಕ್ಕೆ ತಿರುಗಿರುತ್ತವೆ. ಅಂಥದ್ದರಲ್ಲಿ ಒಂದು ಬಂಗಲೆಯ ಮುಂದೆ ಮಾತ್ರ ಹಸಿರು ಹಾಸಿತ್ತು. ಸುಮ್ಮನೆ ಹಸಿರಲ್ಲ. ಈಗಷ್ಟೇ ಯಾರೋ ಬಾಚಿ, ಎಣ್ಣೆ ಹಚ್ಚಿ, ಶಾಲೆಗೆ ಕಳಿಸಲು ನಿಲ್ಲಿಸಿದ ಮಗುವಿನ ತಲೆಯ ಹಾಗೆ. ನಾನು ಸೈಕಲ್ ಇಳಿದು ಬೇಲಿ ಹಿಡಿದು ನಿಂತೆ. ಮರುದಿನವೂ ನಿಂತೆ. ಆ ಮನೆಯ ನಾಯಿಗೆ ನನ್ನ ಪರಿಚಯವಾಗಿ ಬೊಗಳುವುದನ್ನು ಬಿಟ್ಟಿತು.

ಬೇಸಿಗೆಗೆ ಮುಂಚೆ ಆ ಸಾಹೇಬನಿಗೆ ಬೇರೆ ಕಡೆ ವರ್ಗವಾಗಿ, ಮನೆಯ ಸಾಮಾನಿನ ಲಿಲಾವು, ಅಂದರೆ ಹರಾಜು, ಆಯಿತು. ಅಣ್ಣ ಒಂದು ಕುರ್ಚಿ ಹಿಡಿದ. ನಾನು ಯಾರೂ ಕೂಗದ ಎರಡು ವಸ್ತು ಹಿಡಿದೆ: ಹುಲ್ಲು ಬೆಳೆಸುವ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ, ಮತ್ತು ಒಂದು ಪುಟ್ಟ ಗಂಟು ಬೀಜ. ಅದರ ಮೇಲಿನ ಚೀಟಿಯಲ್ಲಿ ರೈ ಗ್ರಾಸ್ ಅಂತ ಬರೆದಿತ್ತು. ಪುಸ್ತಕದ ಮೊದಲ ಅಧ್ಯಾಯಗಳನ್ನು ಗೆದ್ದಲು ಓದಿ ಮುಗಿಸಿತ್ತು. ಹೀಗಾಗಿ ಹುಲ್ಲನ್ನು ಹೇಗೆ ಕತ್ತರಿಸಬೇಕು, ಹೇಗೆ ಉರುಳುಗಲ್ಲು ಹಾಯಿಸಬೇಕು, ಒಂದೇ ಸಲ ಮೂರನೇ ಒಂದು ಪಾಲಿಗಿಂತ ಹೆಚ್ಚು ಯಾಕೆ ಕತ್ತರಿಸಬಾರದು, ಎಲ್ಲ ನನಗೆ ಬಾಯಿಪಾಠವಾಯಿತು. ಹುಟ್ಟುವುದು ಹೇಗೆ ಎಂಬುದು ಮಾತ್ರ ಗೆದ್ದಲಿನ ಹೊಟ್ಟೆಯಲ್ಲಿ ಉಳಿಯಿತು. ಒಂದು ಹರಿದ ಪುಟದಲ್ಲಿ ಏಪ್ರಿಲ್ ತಿಂಗಳಲ್ಲಿ ಬಿತ್ತಿರಿ ಅಂತಿತ್ತು. ಬಿತ್ತಿದೆ. ಪುಣೆಯ ಏಪ್ರಿಲ್ಲಿನಲ್ಲಿ ಆ ಬೀಜದ ಮೇಲೆ ಒಗ್ಗರಣೆ ಹಾಕಿದ್ದರೆ ತಿನ್ನಬಹುದಾಗಿತ್ತು. ಹುರಿಯದೆ ಉಳಿದವನ್ನು ಇರುವೆ ಒಯ್ದವು.

ಆಮೇಲೆ ಕೂತು ವಿಚಾರ ಮಾಡಿದೆ. ಅದು ತಂಪು ದೇಶದ ಹುಲ್ಲು. ಅದಕ್ಕೆ ಬೇಕಾದ ಇಂಗ್ಲೆಂಡು ಪುಣೆಗೆ ಬರುವುದು ದಸರೆಯ ಹೊತ್ತಿಗೆ, ಹೋಗುವುದು ಹೋಳಿಗೆ. ಹಬ್ಬಕ್ಕೆ ಅಂತ ಓದಿಕೊಳ್ಳಿ, ತಿನ್ನುವುದಕ್ಕಲ್ಲ. ಈ ಶೋಧ ನನ್ನದೇ. ಉಳಿದ ಬೀಜವನ್ನು ಅಣ್ಣನ ಹಳೇ ಧೋತರದ ತುಂಡಿನಲ್ಲಿ ಕಟ್ಟಿ, ಇಲಿಗೆ ಸಿಗದಂತೆ ಉಗ್ರಾಣದ ಮೊಳೆಗೆ ತೂಗುಹಾಕಿ, ಮಳೆಗಾಲ ಮುಗಿಯುವುದನ್ನು ಕಾಯುತ್ತ ಕೂತೆ.

ಈ ಸಲ ಬಿತ್ತುವ ಜಾಗಕ್ಕಾಗಿ ವಾಡೆಯ ಮಾಲಕಿಯನ್ನು ಕೇಳಬೇಕಾಯಿತು. ಆಕೆಯನ್ನು ವಾಡೆಯವರೆಲ್ಲ ಕಾಕು ಅನ್ನುತ್ತಿದ್ದರು. ಹಿತ್ತಲಿನಲ್ಲಿ ತುಳಸಿಯ ಪಕ್ಕದ ಒಂದು ಚಾಪೆಯಷ್ಟು ನೆಲ ಕಾಕುವಿನ ಹಪ್ಪಳ ಒಣಗುವ ಜಾಗ.

"ಕಾಯ್ ರೇ ಶಾಮ್, ಗವತ್ ಲಾವಣಾರ್? ಆಣಿ ಮ್ಹೈಸ್ ಕುಠೇ ಆಹೇ?" ಅಂದಳು ಕಾಕು. ಹುಲ್ಲು ಹಚ್ಚುತ್ತೀಯಲ್ಲ, ಎಮ್ಮೆ ಎಲ್ಲಿ ಅಂತ.

ಎಮ್ಮೆ ಇಲ್ಲ, ಇದು ನೋಡುವ ಹುಲ್ಲು ಅಂದೆ. ಕಾಕು ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಮ್ಮ ಅವ್ವನಿಗೆ, ಹುಡುಗನಿಗೆ ಬೇಗ ಒಂದು ಹೆಣ್ಣು ನೋಡಿ ಅಂತ ಹೇಳಿ, ಜಾಗ ಕೊಟ್ಟಳು. ಮಳೆಗಾಲದಲ್ಲಿ ಹೇಗೂ ಹಪ್ಪಳ ಇರಲಿಲ್ಲ.

ಈಗ ವೈನಿಯ ವಿಷಯಕ್ಕೆ ಬರಬೇಕು. ಆ ಬೇಸಿಗೆಯಲ್ಲಿ ಅಣ್ಣನ ಮದುವೆಯಾಗಿತ್ತು. ವೈನಿ ಬೆಳಗಾವಿಯ ಕಡೆಯವರು. ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಹೊಲಿಗೆ ಕಲಿತವರು. ತವರಿನಿಂದ ತಂದ ಒಳ್ಳೇ ಕತ್ತರಿ ಅವರ ಪೆಟ್ಟಿಗೆಯಲ್ಲಿತ್ತು. ಆಗ ಅದು ಬಟ್ಟೆ ಕತ್ತರಿಸುತ್ತಿತ್ತು. ಅವ್ವನಿಗೆ ವೈನಿಯ ರೂಪದ ಬಗ್ಗೆ, ನಡತೆಯ ಬಗ್ಗೆ ಏನೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಕೈಗುಣದ ಬಗ್ಗೆ.

ಕೈಗುಣ ಅಂದರೇನು ಅಂತ ನಿಮಗೆ ಹೇಳಬೇಕಾಗಿಲ್ಲ. ಒಬ್ಬ ವೈದ್ಯನ ಪುಡಿಯಿಂದ ವಾಸಿಯಾಗುತ್ತದೆ, ಅದೇ ಪುಡಿ ಇನ್ನೊಬ್ಬ ಕೊಟ್ಟರೆ ಆಗುವುದಿಲ್ಲ. ಒಬ್ಬಳು ಹೆಪ್ಪು ಹಾಕಿದರೆ ಮೊಸರು ಚಾಕುವಿನಿಂದ ಕೊಯ್ಯುವ ಹಾಗಿರುತ್ತದೆ, ಇನ್ನೊಬ್ಬಳು ಹಾಕಿದರೆ ಹಾಲಿಗೂ ಮೊಸರಿಗೂ ನಡುವೆ ಏನೋ ಒಂದು ಆಗಿರುತ್ತದೆ. ವೈನಿ ಬಂದ ವಾರವೇ ಹೆಪ್ಪು ಹಾಕಿದ ಹಾಲು ಒಡೆಯಿತು. ಅವರು ಹಚ್ಚಿದ ದುಂಡುಮಲ್ಲಿಗೆ ಒಣಗಿತು. ಹುಣಸೆ ತೊಕ್ಕಿಗೆ ಬೂಷ್ಟು ಬಂತು. ಅವ್ವ ಬಯ್ಯಲಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಮಾತ್ರ ಎತ್ತಿ, ಏಣಿ ಇಲ್ಲದೆ ಸಿಗದ ಎತ್ತರದ ಮಾಡದಲ್ಲಿಟ್ಟಳು. ನಮ್ಮ ಮನೆಯಲ್ಲಿ ಭರಣಿ ಮುಟ್ಟಬಾರದು ಅಂದರೆ ಏನು ಅರ್ಥ ಅಂತ ವೈನಿಗೆ ಯಾರೂ ಹೇಳಬೇಕಾಗಲಿಲ್ಲ. ಕೈಗುಣ ಇಲ್ಲದ ಸೊಸೆಯಿಂದ ಮನೆಯಲ್ಲಿ ಏನೂ ಬೆಳೆಯುವುದಿಲ್ಲ ಅಂತ ಅರ್ಥ. ಏನೂ ಅನ್ನುವುದರಲ್ಲಿ ತೊಟ್ಟಿಲೂ ಬಂತು.

"ಬರ್ತದ ಬಿಡು," ಅನ್ನುತ್ತಿದ್ದ ಅಣ್ಣ. ಅವನು ಎಲ್ಲಕ್ಕೂ ಹಾಗೇ ಅನ್ನುತ್ತಿದ್ದ. ರೈಲು ತಡವಾದರೂ, ಬಡ್ತಿ ತಡವಾದರೂ.

ನವರಾತ್ರಿಯ ಮುಂಚಿನ ದಿನ ಅವ್ವ ಹೇಳಿದಳು: "ಈ ವರ್ಷ ಘಟಕ್ಕ ಬೀಜ ಸೊಸಿ ಹಾಕಲಿ. ತಾಯಿ ತೋರಸ್ತಾಳ ಕೈ ಹೆಂಗದ ಅಂತ. ಹುಲುಸಾಗಿ ಬಂತಂದ್ರ ಲಿಂಬಿಕಾಯಿ ಉಪ್ಪಿನಕಾಯಿ ಆಕೀನೇ ಹಾಕಲಿ. ಇಲ್ಲಂದ್ರ ಇಲ್ಲ."

ಎಲೆಯ ಮೇಲೆ ಕರಿಮಣ್ಣು ಹರವಿ, ನಡುವೆ ನೀರಿನ ಕೊಡ ಇಟ್ಟು, ಸುತ್ತ ಧಾನ್ಯ ಬಿತ್ತುತ್ತಾರಲ್ಲ, ಆ ಘಟ. ದಸರೆಯವರೆಗೆ ಮೊಳಕೆ ಗೇಣುದ್ದ ಬಂದರೆ ಮನೆಗೆ ಒಳ್ಳೆಯದು. ನಮ್ಮಲ್ಲಿ ಬಿತ್ತುವುದು ಜವೆಗೋಧಿ. ಅಪ್ಪ ಊರಿನಿಂದ ಕಳಿಸುತ್ತಿದ್ದರು. ಅದನ್ನು ಅವ್ವ ಒಂದು ಬಟ್ಟೆಯಲ್ಲಿ ಕಟ್ಟಿ, ಇಲಿಗೆ ಸಿಗದಂತೆ ಉಗ್ರಾಣದ ಮೊಳೆಗೆ ತೂಗುಹಾಕಿದ್ದಳು. ಬಟ್ಟೆ ಅಣ್ಣನ ಹಳೇ ಧೋತರದ್ದು. ಒಂದು ಧೋತರದಿಂದ ಎರಡು ತುಂಡು ಬರುತ್ತವೆ ಅಂತ ನನಗೂ ಹೊಳೆದಿರಲಿಲ್ಲ, ಅವ್ವನಿಗೂ ಹೊಳೆದಿರಲಿಲ್ಲ.

ಇನ್ನೊಂದು ಮಾತು ಹೇಳಬೇಕು. ಅವ್ವನಿಗೆ ಆಗ ಕಣ್ಣು ಮಂದವಾಗಿತ್ತು. ಇದು ಅವ್ವ ಒಬ್ಬಳನ್ನು ಬಿಟ್ಟು ವಾಡೆಗೆಲ್ಲ ಗೊತ್ತಿತ್ತು. ಅಂಚೆಯವನಿಗೆ "ಬರ್ರಿ ಬೀಗರ, ಕೂಡ್ರಿ," ಅಂದಿದ್ದಳು. ಅವನು ಪಾಪ ಕೂತು ಚಹಾ ಕುಡಿದು ಹೋಗಿದ್ದ. ಕನ್ನಡಕ ತರುತ್ತೇನೆ ಅಂತ ಅಣ್ಣ ಅಂದರೆ, "ನಾ ಏನ್ ಮಾಮಲೇದಾರ ಏನೋ ಚಾಳೀಸ ಹಾಕ್ಕೊಂಡು ಕೂಡ್ಲಿಕ್ಕೆ? ನನ್ನ ಕಣ್ಣಿಗೇನಾಗ್ಯದ?" ಅನ್ನುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಬೆರಳಿನಿಂದಲೇ ಮಾಡುತ್ತಿದ್ದಳು. ಬೆರಳಿಗೆ ಸಿಗದ ಕಲ್ಲು ನಮ್ಮ ಹಲ್ಲಿಗೆ ಸಿಗುತ್ತಿದ್ದವು.

ಘಟ ಕೂಡಿಸುವ ದಿನ ಬೆಳಿಗ್ಗೆ ಅವ್ವ ಉಗ್ರಾಣದ ಕತ್ತಲಲ್ಲಿ ಕೈ ಚಾಚಿ ಒಂದು ಗಂಟು ಇಳಿಸಿ ವೈನಿಗೆ ಕೊಟ್ಟಳು. ವೈನಿ ಬಿಚ್ಚಿ ನೋಡಿ, "ಅತ್ತಿ, ಇವು ಭಾಳ ಸಣ್ಣ ಅವಲ್ರಿ?" ಅಂದರು. ಅವ್ವ ಚಿಟಿಕೆ ತೆಗೆದುಕೊಂಡು ಬೆರಳಲ್ಲಿ ಹೊಸಕಿದಳು.

"ಯುದ್ಧದ ಕಾಲ. ಎಲ್ಲಾನೂ ಸಣ್ಣ ಆಗ್ಯಾವ. ಹಾಕು."

ಅದೇ ದಿನ, ಅದೇ ಹೊತ್ತಿಗೆ, ನಾನು ಇನ್ನೊಂದು ಮೊಳೆಯ ಗಂಟು ಇಳಿಸಿಕೊಂಡು ಹಿತ್ತಲಿಗೆ ಹೋದೆ. ಬೀಜ ಏಪ್ರಿಲ್ಲಿನಲ್ಲಿ ನೋಡಿದ್ದಕ್ಕಿಂತ ದಪ್ಪ ಅನಿಸಿತು. ಅದಕ್ಕೆ ಕಾರಣವನ್ನೂ ನಾನೇ ಕಂಡುಹಿಡಿದೆ: ಮಳೆಗಾಲದ ತಂಪು ಹವೆಗೆ ಉಬ್ಬಿವೆ, ವಿಲಾಯತಿ ಬೀಜಕ್ಕೆ ನಮ್ಮ ನೀರು ಹಿಡಿಸಿದೆ. ಬಿತ್ತಿದೆ. ನೀರಿನ ಡ್ರಮ್ಮನ್ನು ಅಡ್ಡ ಮಲಗಿಸಿ ಪುಸ್ತಕ ಹೇಳಿದ ಹಾಗೆ ಉರುಳಿಸಿದೆ. ಕಾಕು ಕಿಟಕಿಯಿಂದ ನೋಡಿ ಕಿಟಕಿ ಮುಚ್ಚಿದಳು.

ನನ್ನ ಹುಲ್ಲು ಎರಡು ಮೂರು ದಿನದಲ್ಲಿ ಮೇಲೆ ಬಂತು! ಪುಸ್ತಕದ ಒಂದು ಉಳಿದ ಪುಟದಲ್ಲಿ ವಾರ, ಹೆಚ್ಚಾದರೆ ಎರಡು ವಾರ ಅಂತಿತ್ತು. ಇಂಗ್ಲೆಂಡಿನವರಿಗೆ ಎರಡು ವಾರ ಹಿಡಿಯುವುದನ್ನು ನಾನು ಇಷ್ಟರಲ್ಲೇ ಮಾಡಿದ್ದೆ. ಕಚೇರಿಯ ಗೆಳೆಯರನ್ನು ಕರೆದುಕೊಂಡು ಬಂದು ತೋರಿಸಿದೆ. ಅವರು ಸಾಲಾಗಿ ನಿಂತು ನೋಡಿದರು. ಮುಂದೆ ಏನು ಅಂತ ಒಬ್ಬ ಕೇಳಿದ. ಮುಂದೆ ಕತ್ತರಿಸುವುದು ಅಂದೆ. ಆಮೇಲೆ? ಆಮೇಲೆ ಮತ್ತೆ ಬೆಳೆಯುತ್ತದೆ. ಆಮೇಲೆ? ಮತ್ತೆ ಕತ್ತರಿಸುವುದು. ಅವನು ಟೋಪಿ ಹಾಕಿಕೊಂಡು ಹೊರಟ. ನಾನು ಅವ್ವನಿಗೆ, "ನೋಡು, ಕೈಗುಣ ಅಂದ್ರ ಇದು," ಅಂತ ಕೂಡ ಅಂದೆ. ಆ ಮಾತು ಆಡಬಾರದಿತ್ತು, ಯಾಕೆಂದರೆ ದೇವರ ಮನೆಯಲ್ಲಿ ಘಟ ಬೋಳಾಗಿ ಕೂತಿತ್ತು.

ನವರಾತ್ರಿಯ ಐದನೇ ದಿನ, ಲಲಿತಾ ಪಂಚಮಿ, ಬಂತು. ಘಟದಲ್ಲಿ ಮಣ್ಣು ಮಣ್ಣಾಗಿಯೇ ಇತ್ತು. ಕಾಕು ಕುಂಕುಮಕ್ಕೆ ಬಂದವಳು ದೇವರಿಗೆ ಕೈಮುಗಿದು, ಕಣ್ಣು ತೆರೆದು, "ಅಗ್ಗಬಾಈ! ಘಟ ಅಜೂನ್ ಉಗವಲಾ ನಾಹೀ?" ಅಂದಳು. ಇನ್ನೂ ಮೊಳೆತಿಲ್ಲವಾ ಅಂತ. ಅವ್ವ "ಉಗವೇಲ್, ಉಗವೇಲ್," ಮೊಳೆಯುತ್ತದೆ ಬಿಡಿ ಅಂದು ಆಕೆಗೆ ಸಕ್ಕರೆ ಕೊಟ್ಟು ಕಳಿಸಿದಳು. ಆಮೇಲೆ ತಾನೇ ಒಲೆಯ ಮುಂದೆ ಕೂತು ಚಹಾ ಮಾಡಿದಳು. ಸೊಸೆ ಮನೆಯಲ್ಲಿದ್ದೂ ಅವ್ವ ಚಹಾ ಮಾಡಿದ್ದು ಅದೇ ಮೊದಲು. ಆ ಚಹಾ ನಾವು ಮೂವರೂ ತಲೆ ಎತ್ತದೆ ಕುಡಿದೆವು.

"ಬರ್ತದ ಬಿಡು," ಅಂದ ಅಣ್ಣ, ಕೈಯಲ್ಲಿದ್ದ ಚಹಾದ ಬಸಿಗೆ.

ಮರುದಿನ ವೈನಿ ಹಿತ್ತಲಿನಲ್ಲಿ ಬಟ್ಟೆ ಒಣಹಾಕಲು ಬಂದರು. ನಾನು ನನ್ನ ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಅದು ಆಗಲೇ ಅರ್ಧ ಗೇಣು ದಾಟಿತ್ತು. ಎಸಳು ಅಗಲವಾಗಿ, ಒರಟಾಗಿ, ಸಾಹೇಬನ ಹುಲ್ಲಿಗಿಂತ ಎಷ್ಟೋ ಗಟ್ಟಿಮುಟ್ಟಾಗಿತ್ತು. ದೇಶಭಕ್ತಿ ಅಂತ ನಾನು ತಿಳಿದಿದ್ದೆ. ವೈನಿ ಒದ್ದೆ ಸೀರೆಯನ್ನು ಭುಜದ ಮೇಲೆ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದರು. ಬಗ್ಗಿ ಒಂದು ಎಸಳನ್ನು ಬೇರು ಸಮೇತ ಎಳೆದರು. ಬುಡದಲ್ಲಿ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಬಿಡಿಸಿ, ನನ್ನ ಅಂಗೈಯಲ್ಲಿಟ್ಟರು.

"ಶಾಮಣ್ಣ, ಇದು ಜವಿ ಅಲ್ಲೇನ್ರಿ?"

ನಾನು ನೋಡಿದೆ. ನಮ್ಮ ಹೊಲದಲ್ಲಿ ಬೆಳೆಯುವುದನ್ನು ನಾನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದೆ.

"ನಿಮ್ಮ ಹುಲ್ಲು ದೇವರ ಮನ್ಯಾಗ ಅದರಿ," ಅಂದರು ವೈನಿ.

ಭುಜದ ಸೀರೆಯಿಂದ ನೀರು ನನ್ನ ಜವೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಈಗಲೇ ಹೋಗಿ ಅವ್ವನಿಗೆ ಹೇಳಿಬಿಡುತ್ತೇನೆ ಅಂತ ನಾನು ಎದ್ದೆ.

"ಬ್ಯಾಡ್ರಿ. ಗಂಟು ಇಳಿಸಿ ಕೊಟ್ಟವರು ಅತ್ತಿ. ಘಟದ ಬೀಜಾನೇ ಅವರಿಗೆ ಕಾಣಲಿಲ್ಲ ಅಂತ ಯಾರು ಹೇಳೋದು? ನಾ ಹೇಳಿದ್ರ, ಕೈಗುಣದ ಜೋಡಿ ಬಾಯಿಗುಣಾನೂ ಬರ್ತದ ನನ್ನ ಹೆಸರಿಗೆ."

"ನಾ ಹೇಳ್ತೀನಲ್ರಿ ವೈನಿ."

"ನೀವ್ ಹೇಳಿದ್ರೂ ನಾನs ಹೇಳಿಸೇನಿ ಅಂತಾರ. ಅದೆಲ್ಲಾ ಇರ್ಲಿ." ಸೀರೆಯನ್ನು ಹಗ್ಗದ ಮೇಲೆ ಹರವುತ್ತ, ನನ್ನ ಕಡೆ ನೋಡದೆ ಕೇಳಿದರು: "ಇಷ್ಟ ಹೇಳ್ರಿ. ನಿಮ್ಮ ಹುಲ್ಲು ಹುಟ್ಟತದೋ ಇಲ್ಲೋ?"

ಓದುಗರೇ, ನಾನು ಆ ಹುಲ್ಲು ಹುಟ್ಟಿದ್ದನ್ನು ಜನ್ಮದಲ್ಲಿ ನೋಡಿರಲಿಲ್ಲ. ಆ ಅಧ್ಯಾಯ ಗೆದ್ದಲು ತಿಂದಿತ್ತು. ನಾನು ಬಿತ್ತಿದ ಒಂದು ಸಲ ಇರುವೆ ಒಯ್ದಿದ್ದವು. ಇನ್ನೊಂದು ಸಲ ಬಿತ್ತಿದ್ದು ಹುಲ್ಲೇ ಅಲ್ಲ. ವೈನಿಯ ಭರಣಿ, ತೊಟ್ಟಿಲು, ಆ ಮನೆಯಲ್ಲಿ ತಲೆ ಎತ್ತಿ ಓಡಾಡುವುದು, ಎಲ್ಲ ನನ್ನ ಪಾಂಡಿತ್ಯದ ಮೇಲೆ ನಿಂತಿತ್ತು.

"ಬರ್ತದ ಬಿಡ್ರಿ," ಅಂದೆ. ಧ್ವನಿ ಅಣ್ಣನದೇ.

ಅಂದಿನಿಂದ ಪುಸ್ತಕವನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಇದ್ದಷ್ಟು ಪುಟಗಳನ್ನು ಮತ್ತೆ ಮತ್ತೆ ಓದಿದೆ. ಅಲ್ಲೊಂದು ಇಲ್ಲೊಂದು ಸಾಲು ಸಿಕ್ಕಿತು. ಬೀಜಕ್ಕೆ ತಂಪು ಬೇಕು. ಘಟದ ಪಕ್ಕದಲ್ಲೇ ನಂದಾದೀಪ ಉರಿಯುತ್ತಿತ್ತು. ಬೆಳಕು, ಗಾಳಿ ಬೇಕು. ದಿನಕ್ಕೊಂದು ಚೆಂಡುಹೂವಿನ ಮಾಲೆ ಇಳಿಬಿಟ್ಟು ಘಟಕ್ಕೆ ಕಂಬಳಿ ಹೊದಿಸಿದಂತಾಗಿತ್ತು. ನೀರು ಮಂಜಿನ ಹಾಗೆ ಬೀಳಬೇಕು. ಅವ್ವ ದಿನಾ ಬೆಳಿಗ್ಗೆ ಒಂದು ತಂಬಿಗೆ ಸುರಿಯುತ್ತಿದ್ದಳು. ಆದರೆ ದೇವರ ಮನೆಯೊಳಗೆ ಮಡಿಯಿಲ್ಲದೆ ಹೋಗುವ ಹಾಗಿಲ್ಲ. ನಾನು ಕಚೇರಿಯಿಂದ ಬಂದವನು ಹೊಸ್ತಿಲಿನಾಚೆ ನಿಂತು, ಒಳಗೆ ಮಡಿಸೀರೆ ಉಟ್ಟು ಕೂತ ವೈನಿಗೆ ಕೈಸನ್ನೆಯಿಂದ ಕೃಷಿ ಹೇಳಿಕೊಡಬೇಕಾಯಿತು. ದೀಪ ಆಚೆ ಸರಿಸಿ ಅಂತ ಕೈ ಬೀಸಿದೆ. ಕಿಟಕಿ ತೆಗೆಯಿರಿ ಅಂತ ಎರಡೂ ಕೈ ಅಗಲಿಸಿದೆ.

"ಏನೋ ಅದು ಕುಣಿಯೋದು?" ಅಂದಳು ಅವ್ವ. ಚಲಿಸುವುದು ಅವಳಿಗೆ ಕಾಣುತ್ತಿತ್ತು.

"ಭಜನಿ, ಅವ್ವಾ."

"ತಾಳ ಇಲ್ಲದ?"

ನೀರಿನ ವಿಷಯ ಕಷ್ಟವಾಗಿತ್ತು. ಕಡೆಗೆ ವೈನಿ ತಾವೇ ಒಂದು ಉಪಾಯ ಮಾಡಿದರು. "ಅತ್ತಿ, ಹೂವಿನಲೆ ಪ್ರೋಕ್ಷಣಿ ಮಾಡಿದ್ರ ನಡೀತದೇನ್ರಿ? ನಮ್ಮ ತವರಾಗ ಹಂಗ ಮಾಡ್ತಿದ್ರು," ಅಂದರು. ಪ್ರೋಕ್ಷಣೆ ಅನ್ನುವ ಶಬ್ದ ಅವ್ವನಿಗೆ ಹಿಡಿಸಿತು. ಅಲ್ಲಿಂದ ಮುಂದೆ ವೈನಿ ಬೆಳಿಗ್ಗೆ ಸಂಜೆ ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ ಮಣ್ಣಿನ ಮೇಲೆ ಕೊಡವುತ್ತಿದ್ದರು. ಮಂಜು ಬಿದ್ದ ಹಾಗೆಯೇ ಬೀಳುತ್ತಿತ್ತು. ಆ ಪುಸ್ತಕ ಬರೆದವನು ನೋಡಿದ್ದರೆ ಮಡಿ ಉಡುತ್ತಿದ್ದ.

ಅಷ್ಟಮಿಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಾಗ ವೈನಿ ದೇವರ ಮನೆಯ ಬಾಗಿಲಲ್ಲಿ ನಿಂತಿದ್ದರು. ಹುಬ್ಬು ಮೇಲೆ ಮಾಡಿದರು. ನಾನು ಒದ್ದೆ ಪಂಚೆಯಲ್ಲೇ ಬಗ್ಗಿ ನೋಡಿದೆ. ಮೊದಲು ಏನೂ ಕಾಣಲಿಲ್ಲ. ತಲೆ ಓರೆ ಮಾಡಿದಾಗ, ಕಿಟಕಿಯ ಬೆಳಕಿನಲ್ಲಿ, ಕರಿಮಣ್ಣಿನ ಮೇಲೆ ಹಸಿರು ಉಸಿರು ಹಾಯಿಸಿದ ಹಾಗೆ ಏನೋ ಇತ್ತು. ಎಳೆಗಳು ಕೂದಲಿಗಿಂತ ದಪ್ಪವಿರಲಿಲ್ಲ. ನವಮಿಯ ಸಂಜೆಯ ಹೊತ್ತಿಗೆ ಎಲ್ಲ ಕಡೆಗೂ ಬಂದಿತ್ತು.

ಎಲ್ಲರಿಗೂ ಕಂಡಿತು. ಅವ್ವನೊಬ್ಬಳಿಗೆ ಕಾಣಲಿಲ್ಲ.

ಸಂಜೆ ದೀಪ ಹಚ್ಚಿ ಆರತಿಗೆ ನಾವೆಲ್ಲ ಕೂಡಿದ್ದೆವು. ಕಾಕುವೂ ಬಂದಿದ್ದಳು. "ಆಲಂ ಕೀ! ಕಿತೀ ನಾಜೂಕ್!" ಅಂದಳು. ಬಂತಲ್ಲ, ಎಷ್ಟು ನಾಜೂಕು ಅಂತ. ಅವ್ವ ಬಗ್ಗಿದಳು. ಇನ್ನೂ ಬಗ್ಗಿದಳು. ಅವಳಿಗೆ ಕಂಡದ್ದು ಕಪ್ಪು ಮಣ್ಣು.

"ಎಲ್ಲಿ ಬಂದದ?"

"ಬಂದದ ಅವ್ವಾ," ಅಂದ ಅಣ್ಣ.

"ನೀ ಯಾವತ್ತೂ ಹಂಗs ಅಂತೀ."

"ಖರೇನ ಬಂದದ," ಅಂದೆ ನಾನು.

ಅವ್ವ ನೆಟ್ಟಗೆ ಕೂತಳು. ಮುಖ ಕೆಂಪಾಗಿತ್ತು. "ಎಲ್ಲಾರೂ ಕೂಡಿ ಮಾತಾಡ್ಕೊಂಡೀರಿ. ಸೊಸಿ ಮಾನ ಉಳಸ್ಲಿಕ್ಕೆ ದೇವರ ಮುಂದ ನಿಂತು ಸುಳ್ಳ ಹೇಳ್ತೀರಿ. ಕಾಕು, ನೀವೂನs?" ಕಾಕುವಿಗೆ ಕನ್ನಡ ಬರುವುದಿಲ್ಲ, ಆದರೂ ಅರ್ಥವಾಗಿ ಹಿಂದೆ ಸರಿದಳು. "ನನ್ನ ಕಣ್ಣಿಗೇನಾಗ್ಯದ? ಬೋಳ ಅದ. ಬೋಳ ಘಟ. ಈ ಮನ್ಯಾಗ ಇಂಥಾದ್ದು ಎಂದೂ ಆಗಿದ್ದಿಲ್ಲ."

ವೈನಿ ಆರತಿಯ ತಟ್ಟೆ ಹಿಡಿದು ನಿಂತಿದ್ದರು. ಕರ್ಪೂರ ಹತ್ತಿಸಿರಲಿಲ್ಲ. ಅವರು ತಟ್ಟೆಯನ್ನು ಕೆಳಗಿಟ್ಟರು. ಅವ್ವನ ಪಕ್ಕದಲ್ಲಿ ಕೂತು, ಕೇಳದೆ, ಅವ್ವನ ಬಲಗೈ ಹಿಡಿದರು. ಮಡಿಯಲ್ಲಿದ್ದ ಅತ್ತೆಯ ಕೈಯನ್ನು ಹಾಗೆ ಹಿಡಿಯುವುದನ್ನು ನಾನು ನೋಡಿರಲಿಲ್ಲ. ಆ ಅಂಗೈಯನ್ನು ಒಯ್ದು ಘಟದ ಮೇಲೆ, ಮಣ್ಣಿಗೆ ತಾಗದಷ್ಟು ಮೇಲೆ, ಮೆಲ್ಲಗೆ ಇಟ್ಟರು.

ಅವ್ವ ಕೈ ಎಳೆದುಕೊಳ್ಳಲು ಹೋದವಳು ಎಳೆದುಕೊಳ್ಳಲಿಲ್ಲ. ಅಂಗೈಯನ್ನು ಆಚೆ ಸರಿಸಿದಳು, ಈಚೆ ಸರಿಸಿದಳು. ಅಕ್ಕಿಯಲ್ಲಿ ಕಲ್ಲು ಹುಡುಕುವಾಗ ಹೀಗೇ ಮಾಡುತ್ತಿದ್ದಳು. ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಕೂಸಿನ ತಲಿ ಇದ್ದಂಗ ಅದಲ್ಲs," ಅಂದಳು.

ಅವ್ವ ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಕಣ್ಣು ತೆರೆದು, ಘಟದ ಕಡೆ ಅಲ್ಲ, ದೀಪದ ಕಡೆ ನೋಡುತ್ತ ಅಣ್ಣನಿಗೆ ಹೇಳಿದಳು: "ದೀಪಾವಳಿ ಹಿಂದ ಮುಂದ ಆ ಚಾಳೀಸ ಅಂತೀಯಲ್ಲ, ಅದೊಂದು ತಗೊಂಡ ಬಾ."

ದಸರೆಯ ದಿನ ಮೊಳಕೆ ಕಿತ್ತು ಕಿವಿಗೆ, ಟೋಪಿಗೆ ಸಿಕ್ಕಿಸಬೇಕು. ಇದು ಕೀಳಲು ಬರುವಷ್ಟು ಇರಲಿಲ್ಲ. ವೈನಿ ಹೊಲಿಗೆಯ ಕತ್ತರಿ ತಂದರು, ಅವ್ವ ಕೈಯಿಂದ ಸವರಿ ತೋರಿಸಿದಳು, ವೈನಿ ಕತ್ತರಿಸಿದರು. ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಡ ಅಂತ ನಾನು ಹೊಸ್ತಿಲಿನಿಂದ ಕೂಗಿದೆ. ಕಿವಿಯ ಮೇಲಿಟ್ಟರೆ ನಿಲ್ಲದೆ ಎಲ್ಲ ಅಣ್ಣನ ಕೊರಳಪಟ್ಟಿಯೊಳಗೆ ಇಳಿಯಿತು. ಅವನು ಆ ದಿನವೆಲ್ಲ ಬನ್ನಿ ಹಂಚುತ್ತ, ನಡುನಡುವೆ ಬೆನ್ನು ಕೆರೆದುಕೊಳ್ಳುತ್ತ, "ಬಂತಲ್ಲ ಕಡೀಕ," ಅನ್ನುತ್ತಿದ್ದ.

ಘಟದ ಮಣ್ಣನ್ನು ಹುಲ್ಲಿನ ಸಮೇತ ತುಳಸಿಯ ಬುಡಕ್ಕೆ ಹಾಕಿದೆವು. ಅದೇ ಕತ್ತರಿಯಿಂದ ನಾನು ನನ್ನ ಜವೆಯನ್ನೂ ಕತ್ತರಿಸಿದೆ. ಮೊದಲ ಸಲ ಬಂತು, ಎರಡನೆಯ ಸಲ ಹಳದಿಯಾಯಿತು, ಮೂರನೆಯ ಸಲ ಸುಮ್ಮನಾಯಿತು. ತುಳಸಿಯ ಬುಡದ ಹುಲ್ಲು ಮಾತ್ರ ಕತ್ತರಿಸಿದಷ್ಟೂ ದಟ್ಟವಾಯಿತು. ಚಳಿ ಏರಿದಂತೆ ಅದಕ್ಕೆ ಬಣ್ಣ ಏರಿತು. ಬೆಳಗಿನ ಇಬ್ಬನಿಯಲ್ಲಿ ನಾನು ಅದರ ಮುಂದೆ ಕೂತಿರುತ್ತಿದ್ದೆ. ಒಂದು ತಟ್ಟೆಯಷ್ಟಿತ್ತು. ಬಂಗಲೆಯ ಮುಂದಿನದಕ್ಕೆ ಅದು ಯಾವ ರೀತಿಯಲ್ಲೂ ಕಡಿಮೆಯಿರಲಿಲ್ಲ, ಅಗಲ ಒಂದನ್ನು ಬಿಟ್ಟು.

ಚಾಳೀಸ ಬಂತು. ಅವ್ವ ಅದನ್ನು ಮೂಗಿನ ಮೇಲಿಟ್ಟುಕೊಂಡು ಮನೆಯೆಲ್ಲ ತಿರುಗಿದಳು. ನನ್ನನ್ನು ನೋಡಿ, "ಶಾಮ್ಯಾ, ಇಷ್ಟ ಕರ್ರಗ ಯಾವಾಗಾದ್ಯೋ?" ಅಂದಳು. ಅಣ್ಣನ ಕುರ್ಚಿಯನ್ನು ನೋಡಿ, ಇದು ಒಡೆದದ್ದು ಅಂದಳು. ವೈನಿಯನ್ನು ಮಾತ್ರ ಬಹಳ ಹೊತ್ತು ನೋಡಿದಳು.

"ಗಲ್ಲದ ಮ್ಯಾಲೆ ಮಚ್ಚಿ ಅದ ನಿನಗ."

"ಮೊದಲಿಂದ ಅದರಿ ಅತ್ತಿ."

ಅವ್ವ ಹ್ಞೂಂ ಅಂದು ಹಿತ್ತಲಿಗೆ ಹೋದಳು. ನಾವಿಬ್ಬರೂ ಹಿಂದೆ ಹೋದೆವು. ತುಳಸಿಯ ಮುಂದೆ ಬಗ್ಗಿ, ಚಾಳೀಸವನ್ನು ಸರಿಮಾಡಿಕೊಂಡು ನೋಡಿದಳು. ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಇದು ಹುಲ್ಲು."

"ಹೌದು ಅವ್ವಾ."

"ಆ ಸಾಹೇಬನ ಹುಲ್ಲು."

"ಹೌದು."

"ಗಂಟು ಇಳಿಸಿ ಕೊಟ್ಟಾಕಿ ನಾನು."

ಇದಕ್ಕೆ ನಾನೂ ಹೌದೆನ್ನಲಿಲ್ಲ, ವೈನಿಯೂ ಹೌದೆನ್ನಲಿಲ್ಲ. ಕಾಕುವಿನ ಕಿಟಕಿ ತೆರೆದಿತ್ತು. ಅವ್ವ ನನ್ನ ಬೋಳು ನೆಲವನ್ನು ನೋಡಿದಳು, ಹಸಿರು ತಟ್ಟೆಯನ್ನು ನೋಡಿದಳು.

"ನಿನ್ನ ಕೈಲೆ ಇದು ಒಮ್ಮಿನೂ ಬರಲಿಲ್ಲಲ್ಲೋ?"

"ಇಲ್ಲ ಅವ್ವಾ."

"ಪುಸ್ತಕ ಓದಿದಿ, ಡ್ರಮ್ ಉರುಳಿಸಿದಿ."

"ಹೌದು."

"ಇಕಿ ಕೈಲೆ ಬಂತು," ಅಂದಳು ಅವ್ವ. ಎದ್ದು ಸೆರಗು ಕೊಡವಿ, ವೈನಿಗೆ ಹೇಳಿದಳು: "ಏಣಿ ಹಚ್ಚಿ ಭರಣಿ ಇಳಸು. ಲಿಂಬಿಕಾಯಿ ಬಂದಾವ ಪ್ಯಾಟ್ಯಾಗ."

ಹೋಳಿಯವರೆಗೆ ಹುಲ್ಲು ಇತ್ತು. ಆಮೇಲೆ ಒಂದು ವಾರದ ಬಿಸಿಲಿಗೆ ಹುರಿದ ರವೆಯಾಯಿತು. ಅದು ಅದರ ಧರ್ಮ. ಪುಸ್ತಕದಲ್ಲೂ ಹಾಗೇ ಇದೆ. ಆ ಬೀಜ ಮತ್ತೆ ಸಿಗಲಿಲ್ಲ. ಈಗಂತೂ ಸಾಹೇಬರೆಲ್ಲ ಗಂಟು ಕಟ್ಟುತ್ತಿದ್ದಾರೆ. ಯಾವ ಲಿಲಾವಿನಲ್ಲೂ ಯಾರೂ ಹುಲ್ಲಿನ ಬೀಜ ಇಡುತ್ತಿಲ್ಲ. ಕತ್ತರಿ ಮಾತ್ರ ಉಳಿದಿದೆ. ವೈನಿ ಹೊಲಿಗೆಗೆ ಹೊಸದು ತಂದುಕೊಂಡರು.

ಆ ಹೋಳಿಯ ಊಟಕ್ಕೇ ಭರಣಿಯ ಬಾಯಿ ಬಿಚ್ಚಿದ್ದು. ಹೋಳಿಗೆ ಬಡಿಸಿ ಆಗಿತ್ತು. ವೈನಿ ಭರಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಒಳಗೆ ನೋಡಿ, ಹಾಗೇ ಕೂತುಬಿಟ್ಟರು. ನಾನು ಬಗ್ಗಿ ನೋಡಿದೆ. ಉಪ್ಪಿನಕಾಯಿಯ ಮೇಲೆ ಬಿಳಿ ಬೂಷ್ಟು, ನುಣ್ಣಗೆ, ದಟ್ಟವಾಗಿ, ಅಂಚಿನಿಂದ ಅಂಚಿಗೆ ಹಾಸಿತ್ತು. ಅಷ್ಟು ಸಮವಾದ ಹಾಸು ನನಗೆ ಇವತ್ತಿನವರೆಗೆ ಸಾಧ್ಯವಾಗಿಲ್ಲ.

"ಇತ್ತ ತಾ," ಅಂದಳು ಅವ್ವ.

ವೈನಿ ಭರಣಿಯನ್ನು ಅವಳ ಮುಂದೆ ಸರಿಸಿದರು. ಅವ್ವ ಅದರೊಳಗೆ ನೋಡಿದಳು. ಸೊಸೆಯ ಮುಖ ನೋಡಿದಳು. ಆಮೇಲೆ ಚಾಳೀಸವನ್ನು ತೆಗೆದು, ಸೆರಗಿನಿಂದ ಒರೆಸಿ, ಮಡಿಚಿ, ಡಬ್ಬಿಯೊಳಗಿಟ್ಟು, ಡಬ್ಬಿ ಮುಚ್ಚಿದಳು. ಮತ್ತೊಮ್ಮೆ ಭರಣಿಯಲ್ಲಿ ಬಗ್ಗಿ ನೋಡಿದಳು.

"ನನಗೇನೂ ಕಾಣವಲ್ದು," ಅಂದಳು. "ಕೆಳಗಿಂದು ಬಡಸು."